ಶಿಕ್ಷೆಗೆ ಮುನ್ನ ಒಂದು ಮಾತು



ಶಾಲೆಯಲ್ಲಿ ಏನಾದರೂ ಗಲಾಟೆಯಾದರೆ ಮೊದಲು ಕೇಳಿಬರುವ ಮಾತು ನಿಮಗೆಲ್ಲ ಗೊತ್ತು: "ಎದುರುತ್ತರ ಕೊಡಬೇಡ, ನಾಳೆ ತಂದೆಯನ್ನು ಕರೆದುಕೊಂಡು ಬಾ." ತಪ್ಪು ಯಾವುದು, ಕಂಡವರು ಯಾರು, ನೀನು ಹೇಳುವುದೇನು ಎಂಬ ಮೂರು ಪ್ರಶ್ನೆಗಳಲ್ಲಿ ಒಂದೂ ಅದರಲ್ಲಿಲ್ಲ. ನಾವು ಓದುವಾಗ 'ದಂಡಂ ದಶಗುಣಂ' ಎಂದು ಬೆತ್ತವೇ ಮಾತಾಡುತ್ತಿತ್ತು. ಈಗ ಅದರ ಜಾಗಕ್ಕೆ ಸಸ್ಪೆನ್ಷನ್, ಟಿ.ಸಿ., ಪರೀಕ್ಷೆಗೆ ಕೂರಿಸದಿರುವುದು ಬಂದಿವೆ. ಬೆತ್ತದ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತಿತ್ತು. ತಪ್ಪಿಹೋದ ಒಂದು ವರ್ಷ ಹಾಗೆ ಮಾಯುವಂಥದ್ದಲ್ಲ.

'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಕಾನೂನು ಬಲ್ಲವರು ಇದಕ್ಕೆ 'ಸಹಜ ನ್ಯಾಯ' ಎನ್ನುತ್ತಾರೆ. ಆರೋಪವನ್ನು ತಿಳಿಸದೆ, ಆರೋಪಿಯ ಮಾತು ಕೇಳದೆ ಶಿಕ್ಷೆ ಕೊಡಕೂಡದು ಎಂಬುದು ಅದರ ತಿರುಳು. ಇದರ ಒಂದು ಹಳೆಯ ಮೊಕದ್ದಮೆ ವಿದ್ಯಾಸಂಸ್ಥೆಯದೇ. ಕೇಂಬ್ರಿಜ್ ವಿಶ್ವವಿದ್ಯಾಲಯ ರಿಚರ್ಡ್ ಬೆಂಟ್ಲಿ ಎಂಬ ಜಗಳಗಂಟ ವಿದ್ವಾಂಸರ ಪದವಿಗಳನ್ನು ವಿಚಾರಣೆಯಿಲ್ಲದೆ ಕಿತ್ತುಕೊಂಡಿತ್ತು. 1723ರಲ್ಲಿ ಲಂಡನ್ನಿನ ನ್ಯಾಯಾಲಯ ಅದು ಸಲ್ಲದು ಎಂದಿತು. ದೇವರು ಕೂಡ ಆದಾಮನನ್ನು ಕರೆದು ಕೇಳಿದ ಮೇಲೆಯೇ ತೋಟದಿಂದ ಹೊರಗೆ ಹಾಕಿದ್ದು ಎಂದು ಅಲ್ಲಿನ ನ್ಯಾಯಮೂರ್ತಿಯೊಬ್ಬರು ನೆನಪಿಸಿದರು. (ಮುಂದೆ ಮಿಲ್ಟನ್ನನ ಮಹಾಕಾವ್ಯವನ್ನೇ ತಿದ್ದಲು ಹೊರಟು ನಗೆಪಾಟಲಾದವರೂ ಇದೇ ಬೆಂಟ್ಲಿ. ಅಂಥವರಿಗೂ ನ್ಯಾಯ ಸಿಗಬೇಕಷ್ಟೆ!)

ನಮ್ಮ ದೇಶದಲ್ಲಿ ಇದು ವಿದ್ಯಾರ್ಥಿಗಳ ಪಾಲಿಗೆ ಸ್ಪಷ್ಟವಾಗಿ ದೊರೆತದ್ದು 1962ರಲ್ಲಿ. ಉತ್ತರ ಪ್ರದೇಶದ ಮೂವರು ಹುಡುಗರು 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದು ಫಲಿತಾಂಶ ಪ್ರಕಟವಾಗಿತ್ತು. ಆಮೇಲೆ ಪರೀಕ್ಷಾ ಮಂಡಳಿ, ನೀವು ಅಕ್ರಮ ನಡೆಸಿದ್ದೀರಿ ಎಂದು ಆ ಫಲಿತಾಂಶ ರದ್ದು ಮಾಡಿ, ಮರುವರ್ಷದ ಪರೀಕ್ಷೆಗೂ ಕೂರದಂತೆ ಮಾಡಿತು. ಅವರನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ನಮ್ಮ ನಿಯಮದಲ್ಲೆಲ್ಲಿದೆ ಎಂಬುದು ಮಂಡಳಿಯ ವಾದ. ನಿಯಮದಲ್ಲಿ ಬರೆದಿರದಿದ್ದರೂ, ಒಬ್ಬ ವಿದ್ಯಾರ್ಥಿಯ ಇಡೀ ಭವಿಷ್ಯಕ್ಕೆ ಪೆಟ್ಟು ಬೀಳುವ ತೀರ್ಮಾನ ಮಾಡುವವರು ಅವನ ಮಾತು ಕೇಳಲೇಬೇಕು ಎಂದಿತು ಸುಪ್ರೀಂ ಕೋರ್ಟು. ಎಂಟು ವರ್ಷ ಕಳೆದ ಮೇಲೆ, ಎಂಬುದನ್ನೂ ಗಮನಿಸಿ.

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನಡೆದದ್ದು ನಿಮ್ಮ ವಯಸ್ಸಿನವರಿಗೆ ಇನ್ನೂ ಹತ್ತಿರದ್ದು. 1971ರಲ್ಲಿ ಅಲ್ಲಿನ ಶಾಲೆಗಳಲ್ಲಿ ಗಲಭೆಯಾಗಿ, ಡ್ವೈಟ್ ಲೋಪೆಜ್ ಎಂಬ ಹುಡುಗ ಓದುತ್ತಿದ್ದ ಶಾಲೆಯ ಊಟದ ಕೋಣೆಯಲ್ಲಿ ಸಾಮಾನುಗಳು ಹಾಳಾದವು. ಅವನನ್ನೂ ಇನ್ನೂ ಹಲವರನ್ನೂ ಒಟ್ಟಿಗೆ ಸಸ್ಪೆಂಡ್ ಮಾಡಿದರು. ತಾನು ಸುಮ್ಮನೆ ನಿಂತು ನೋಡುತ್ತಿದ್ದವನು ಎಂದು ಅವನು ಹೇಳುತ್ತಿದ್ದ, ಅದನ್ನು ಕೇಳುವವರಿರಲಿಲ್ಲ. ಬರೀ ಹತ್ತು ದಿನದ ಶಿಕ್ಷೆಗೆ ಇಷ್ಟೆಲ್ಲ ಬೇಕೆ ಎಂದು ಶಾಲೆಯ ಕಡೆಯವರು ವಾದಿಸಿದರು. 1975ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ, ಬೇಕು ಎಂದಿತು. ವಕೀಲರು, ಸಾಕ್ಷಿಕಟ್ಟೆ ಏನೂ ಬೇಡ. ಆರೋಪ ಇದು ಎಂದು ಹೇಳಿ, ಹುಡುಗ ಅಲ್ಲಗಳೆದರೆ ನಮ್ಮ ಬಳಿ ಇರುವ ಆಧಾರ ಇದು ಎಂದು ತಿಳಿಸಿ, ಅವನ ಮಾತು ಕೇಳಿದರೆ ಆಯಿತು. ಕೆಲವೇ ನಿಮಿಷದ ಕೆಲಸ. ಹುಡುಗನಿಂದ ಬೇರೆಯವರಿಗೆ ಅಪಾಯವಿದ್ದರೆ ಮೊದಲು ಹೊರಗೆ ಕಳಿಸಿ, ಆದಷ್ಟು ಬೇಗ ಕರೆದು ಕೇಳಿದರೂ ನಡೆಯುತ್ತದೆ. ಈ ತೀರ್ಪು ಸರ್ಕಾರಿ ಶಾಲೆಗಳಿಗೆ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು.

ಇದನ್ನೆಲ್ಲ ಓದಿ, ಇನ್ನು ಮಾಸ್ತರರನ್ನು ಕಟಕಟೆಗೆ ನಿಲ್ಲಿಸಬಹುದು ಎಂದು ಹಿಗ್ಗಬೇಡಿ. 1972ರಲ್ಲಿ ರಾಂಚಿಯ ವೈದ್ಯಕೀಯ ಕಾಲೇಜಿನ ಕೆಲವು ಹುಡುಗರು ರಾತ್ರಿ ಹೊತ್ತು ಹುಡುಗಿಯರ ಹಾಸ್ಟೆಲ್ಲಿಗೆ ನುಗ್ಗಿ ಅಸಭ್ಯವಾಗಿ ವರ್ತಿಸಿದರೆಂದು 36 ಹುಡುಗಿಯರು ದೂರು ಕೊಟ್ಟರು. ವಿಚಾರಣಾ ಸಮಿತಿ ಹುಡುಗಿಯರ ಹೇಳಿಕೆಯನ್ನು ಬೇರೆಯಾಗಿ ಪಡೆಯಿತು. ಆರೋಪಿಗಳ ಫೋಟೋಗಳನ್ನು ಇತರರ ಫೋಟೋಗಳ ಜೊತೆ ಬೆರೆಸಿ ಗುರುತಿಸಲು ಹೇಳಿತು. ಹುಡುಗರಿಗೆ ಆರೋಪ ತಿಳಿಸಿ ಅವರ ಉತ್ತರ ಪಡೆಯಿತು. ಹುಡುಗಿಯರನ್ನು ನಮ್ಮೆದುರೇ ನಿಲ್ಲಿಸಿ ಪ್ರಶ್ನೆ ಕೇಳಲು ಬಿಡಲಿಲ್ಲ ಎಂದು ಹುಡುಗರು ಸುಪ್ರೀಂ ಕೋರ್ಟಿನ ತನಕ ಹೋದರು. 1973ರಲ್ಲಿ ಕೋರ್ಟು ಅವರ ಮಾತು ಒಪ್ಪಲಿಲ್ಲ. ಹಾಗೆ ಎದುರು ನಿಲ್ಲಿಸಿದರೆ ಯಾವ ಹುಡುಗಿ ತಾನೇ ಮುಂದೆ ಬಂದು ದೂರು ಹೇಳಿಯಾಳು? ನನಗಂತೂ ಇಲ್ಲಿ ಉಲ್ಲೇಖಿಸಿದ ತೀರ್ಪುಗಳಲ್ಲೆಲ್ಲ ಇದೇ ಹೆಚ್ಚು ವಿವೇಕದ್ದೆನಿಸುತ್ತದೆ. ನಿಮ್ಮ ಮಾತು ಕೇಳಬೇಕು ನಿಜ, ಆದರೆ ಕೇಳುವ ಕ್ರಮವನ್ನು ನೀವು ನಿರ್ಧರಿಸಲಾಗದು.

ಚಿಕ್ಕವರಿಗೆ ಕಾನೂನಿನ ಆಸರೆ ಇನ್ನೂ ಗಟ್ಟಿಯಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 16ನೇ ಕಲಮಿನ ಪ್ರಕಾರ ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತೇ ಹೊರತು ಹೊರಹಾಕಲು ಕೊಡಲಿಲ್ಲ. 17ನೇ ಕಲಮು ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ, ನಿಮ್ಮ ಶಾಲೆ ಯಾವ ಬಗೆಯದೆಂದು ತಿಳಿದಿರುವುದು ಒಳ್ಳೆಯದು. ದೆಹಲಿಯ ಓದುಗರಿಗೆ ಒಂದು ಮಾತು: ಅಲ್ಲಿನ 1973ರ ಶಾಲಾ ನಿಯಮಗಳಲ್ಲಿಯೇ, ಹೊರಹಾಕುವ ಮುನ್ನ ಪಾಲಕರಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದಿದೆ.

ತೊಂದರೆ ಬರುವುದು ಒಂಬತ್ತು, ಹತ್ತನೆಯ ತರಗತಿಯಲ್ಲಿ. ನಮ್ಮ ಕಟ್ಟಡದಲ್ಲಿ ಕುಂದಾಪುರದ ಕಡೆಯ ಒಂದು ಕುಟುಂಬವಿದೆ. ಅವರ ಒಂಬತ್ತನೆಯ ತರಗತಿಯ ಹುಡುಗನನ್ನು, ಶೌಚಾಲಯದಲ್ಲಿ ಪಟಾಕಿ ಹೊಡೆದನೆಂದು ಮನೆಗೆ ಕಳಿಸಿದರು. ತಾಯಿ ಒಂದು ಕಾಗದ ಹಿಡಿದುಕೊಂಡು ಬಂದು, "ಅಕ್ಕಾ, ಇದರಲ್ಲಿ ಎಂತ ಬರೆದಿದ್ದಾರೆ ನೋಡಿ, ಸಹಿ ಹಾಕಿ ಅಂತಾರೆ" ಎಂದರು. ಮಗ ತಪ್ಪೊಪ್ಪಿಕೊಂಡಿದ್ದಾನೆ, ನಾವು ಸ್ವಇಚ್ಛೆಯಿಂದ ಟಿ.ಸಿ. ಪಡೆಯುತ್ತಿದ್ದೇವೆ ಎಂದು ಅದರಲ್ಲಿತ್ತು. ಪುಣ್ಯಕ್ಕೆ ಆಕೆ, ಮನೆಯವರನ್ನು ಕೇಳಬೇಕು ಎಂದು ಹೇಳಿ ಬಂದಿದ್ದರು. ನಾವು ಸಹಿ ಹಾಕದೆ ಐದು ಸಾಲಿನ ಪತ್ರ ಬರೆದೆವು: ಆರೋಪವೇನು, ಯಾವ ದಿನ, ಯಾವ ಹೊತ್ತು, ನೋಡಿದವರು ಯಾರು, ಹುಡುಗನಿಗೂ ನಮಗೂ ಹೇಳಿಕೊಳ್ಳಲು ಒಂದು ಹೊತ್ತು ಗೊತ್ತುಮಾಡಿ. ಶಾಲೆಯವರು ಕರೆಸಿದರು. ಪಟಾಕಿ ಹಚ್ಚಿದವನು ಬೇರೆಯವನು, ಇವನು ಬಾಗಿಲು ಕಾದವನು ಎಂದು ತಿಳಿಯಿತು. ಮೂರು ದಿನದ ಸಸ್ಪೆನ್ಷನ್ ಆಯಿತು. ಅದು ಆಗತಕ್ಕದ್ದೇ. ಆದರೆ ಹುಡುಗ ಈಗಲೂ ಅದೇ ಶಾಲೆಯಲ್ಲಿದ್ದಾನೆ.

ನಿಮ್ಮಲ್ಲಿ ಹಲವರ ಮನೆಗಳಲ್ಲಿ ಶಾಲೆಯ ಇಂಗ್ಲಿಷ್ ಚೀಟಿಯನ್ನು ಓದಿ ಹೇಳುವವರು ನೀವೇ. ಆದ್ದರಿಂದ ಇದು ನಿಮಗೇ ಹೇಳಬೇಕಾದ ಮಾತು. ಅಂಥ ಸಂದರ್ಭ ಬಂದರೆ ಮನೆಯಲ್ಲಿ ಮುಚ್ಚಿಡಬೇಡಿ. ಮಾಡಿದ್ದನ್ನು ಮಾಡಿದ್ದೇನೆ ಎನ್ನಿ, ಮಾಡದ್ದಕ್ಕೆ ತಪ್ಪೊಪ್ಪಿಗೆ ಬರೆದುಕೊಡಬೇಡಿ. ದನಿ ಏರಿಸದೆ, ಆರೋಪವನ್ನು ಬರೆದು ಕೊಡಿ ಎಂದು ಕೇಳಿ. ಉತ್ತರವನ್ನೂ ಬರವಣಿಗೆಯಲ್ಲೇ ಕೊಡಿ. ಒಂದು ಪ್ರತಿಯ ಮೇಲೆ ಶಾಲೆಯ ಕಚೇರಿಯ ಶಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಪತ್ರ ಇಂಗ್ಲಿಷಿನಲ್ಲಿ ನೀವೇ ಬರೆದರೂ ಅಪ್ಪ ಅಮ್ಮನಿಗೆ ಅದನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಿ, ಸಹಿ ಆಮೇಲೆ.