ಡಿಜೆಗಳೇ, ನಿಮ್ಮ ಹಾಡುಗಳಿಗೆ ಮೂರು ಪ್ರತಿ ಇರಲಿ

ಇಂದಿರಾನಗರದ ಪಬ್ ಇರಲಿ, ಕೆ.ಆರ್. ಪುರದ ಆರತಕ್ಷತೆ ಇರಲಿ, ಲ್ಯಾಪ್‌ಟಾಪ್ ಕೈಕೊಟ್ರೆ ಡಿಜೆ ವರ್ಷಗಟ್ಟಲೆ ಕೂಡಿಟ್ಟ ಸಂಗ್ರಹವೇ ಹೋಗುತ್ತೆ.

320 ಕೆಬಿಪಿಎಸ್‌ನ ನಾಲ್ಕು ನಿಮಿಷದ ಹಾಡು ಸುಮಾರು 10 ಎಂಬಿ. ಅಂದ್ರೆ 10,000 ಹಾಡಿಗೆ ಬೇಕಾಗೋದು 100 ಜಿಬಿ ಅಷ್ಟೇ.

ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಲ್ಯಾಪ್‌ಟಾಪಲ್ಲೊಂದು, ಹಾರ್ಡ್ ಡಿಸ್ಕಲ್ಲೊಂದು, ಕ್ಲೌಡಲ್ಲೋ ಹಲಸೂರಿನ ಅಕ್ಕನ ಮನೆಯಲ್ಲೋ ಇನ್ನೊಂದು.

ಹಾಡಿನ ಫೈಲ್ ಮಾತ್ರ ಸಾಲದು. ಕ್ಯೂ ಪಾಯಿಂಟ್, ಪ್ಲೇಲಿಸ್ಟ್ ಉಳಿಯಬೇಕಾದ್ರೆ ಸಾಫ್ಟ್‌ವೇರ್ ಲೈಬ್ರರಿಯನ್ನೂ ಉಳಿಸಿ. ರೆಕಾರ್ಡ್‌ಬಾಕ್ಸ್‌ನ ಫೈಲ್ ಮೆನುವಿನಲ್ಲೇ ಅದರ ಆಯ್ಕೆ ಇದೆ. ಸೆರಾಟೋದಲ್ಲಾದ್ರೆ ಅದೇ ಹೆಸರಿನ ಫೋಲ್ಡರನ್ನೂ ಕಾಪಿ ಮಾಡಿ.

ಜೇಬಿನ ಪೆನ್‌ಡ್ರೈವ್ ಒಂದೇ ಬ್ಯಾಕಪ್ ಆಗಲ್ಲ. ಇವತ್ತೇ ಕಾಪಿ ಮಾಡಿ, ತೆರೆದು ನುಡಿಸಿ ನೋಡಿ.