ಬಿಗ್ ಬ್ಯಾಂಗೋ, ಬಿಗ್ ಬೌನ್ಸೋ?

ಬಿಗ್ ಬ್ಯಾಂಗ್‌ಗೂ ಮುಂಚೆ ಏನಿತ್ತು?

ಸುಮಾರು 1380 ಕೋಟಿ ವರ್ಷ ಹಿಂದಕ್ಕೆ ಹೋಗೋಣ.
ಎಲ್ಲವೂ ಹತ್ತಿರ, ಇನ್ನೂ ಹತ್ತಿರ.
ಕೊನೆಗೆ ಐನ್‌ಸ್ಟೈನ್ ಸಮೀಕರಣ ಹೇಳೋದು:
ಸಾಂದ್ರತೆ ಅನಂತ.
ಲೆಕ್ಕ ಅಲ್ಲಿಗೇ ನಿಂತುಹೋಗುತ್ತೆ.

1955ರಲ್ಲಿ ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ
ಒಂದು ಅದ್ಭುತ ಸಮೀಕರಣ ಬರೆದರು.
ಅದರ ತಿರುಳು ಇಷ್ಟು:
ಗುರುತ್ವ ಬರೀ ಸೆಳೀತಾನೇ ಇದ್ದರೆ,
ಕುಸಿತ ತಡೆಯೋದು ಬಹಳ ಕಷ್ಟ.

ಸರಿ, ಗುರುತ್ವವೇ ಒಂದು ಹಂತದಲ್ಲಿ ತಳ್ಳಿದರೆ?

ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ.
ಮೊದಮೊದಲು ಸಲೀಸು.
ಆಮೇಲೆ ಹಿಡಿಕೆಯೇ ನಿಮ್ಮ ಕೈಯನ್ನ ವಾಪಸ್ ತಳ್ಳುತ್ತೆ!

2006ರಲ್ಲಿ ಅಭಯ್ ಅಷ್ಟೇಕರ್, ಪರಮ್‌ಪ್ರೀತ್ ಸಿಂಗ್
ಮತ್ತು ತೋಮಾಷ್ ಪಾವ್ಲೋವ್ಸ್ಕಿ
ಐನ್‌ಸ್ಟೈನ್ ಗುರುತ್ವಕ್ಕೆ ಕ್ವಾಂಟಮ್ ತಿದ್ದುಪಡಿ ಸೇರಿಸಿ
ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು.
ಕಂಡದ್ದೇನು ಗೊತ್ತಾ?
ಕುಗ್ಗುತ್ತಿದ್ದ ಹಳೇ ವಿಶ್ವ
ಪುಟಿದು, ಮತ್ತೆ ಹಿಗ್ಗಿತು. ಇದೇ ಬಿಗ್ ಬೌನ್ಸ್.
ಸಾಂದ್ರತೆ ವಿಪರೀತ. ಆದರೆ ಅನಂತ ಅಲ್ಲ.
ನನಗಂತೂ ಇದು ಮೈ ಜುಮ್ಮೆನ್ನಿಸೋ ಫಲಿತಾಂಶ.

ಇಂಥ ಬೌನ್ಸ್ ಮತ್ತೆ ಮತ್ತೆ ನಡೆದರೆ? ಅದೇ ಚಕ್ರೀಯ ವಿಶ್ವ.
ಆದರೆ 1930ರ ದಶಕದಲ್ಲೇ ರಿಚರ್ಡ್ ಟೋಲ್ಮನ್ ತೊಡಕು ತೋರಿಸಿದ್ದರು.
ಪ್ರತಿ ಸುತ್ತಲ್ಲೂ ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆಯ ಅಳತೆ, ಏರುತ್ತೆ,
ಸುತ್ತು ಉದ್ದವಾಗುತ್ತೆ.
ಹಿಂದೆ ಹೋದಷ್ಟೂ ಸುತ್ತು ಚಿಕ್ಕದು.
ಅಂದರೆ, ಮೊದಲನೇ ಸುತ್ತು ಯಾವುದು ಅನ್ನೋ ಪ್ರಶ್ನೆ ಮತ್ತೆ ಎದುರಿಗೆ!

ಪುಟಿದ ಗುರುತು ಉಳಿದಿದ್ದರೆ,
ವಿಶ್ವದ ಅತ್ಯಂತ ಹಳೇ ಬೆಳಕಿನಲ್ಲಿ ಸಿಗಬಹುದು.
ಹುಡುಕಾಟ ನಡೀತಿದೆ.
ಖಚಿತ ಸಾಕ್ಷಿ ಇನ್ನೂ ಸಿಕ್ಕಿಲ್ಲ.