ಪೋಷಕರ ಗ್ರೂಪ್ ಮತ್ತು ಪೋಷಕರ ಸಮಿತಿ: ತಪ್ಪು ಕಲ್ಪನೆಗಳು, ಸತ್ಯಗಳು

ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ಪೋಷಕರ ಗುಂಪು ಎಂದರೆ ಎರಡು ಇವೆ. ಒಂದು, ಕಾನೂನಿನ ಪ್ರಕಾರ ರಚನೆಯಾದ ಪೋಷಕರ ಸಮಿತಿ. ಇನ್ನೊಂದು, ಮೊಬೈಲಿನಲ್ಲಿರುವ ವಾಟ್ಸಾಪ್ ಗ್ರೂಪ್. ಮೊದಲನೆಯದಕ್ಕೆ ಅಧಿಕಾರವಿದೆ, ಸದ್ದು ಕಡಿಮೆ. ಎರಡನೆಯದಕ್ಕೆ ಸದ್ದೇ ಎಲ್ಲ. ವಿಶಾಖಪಟ್ಟಣ, ವಿಜಯವಾಡದಂಥ ನಗರಗಳಲ್ಲಿ ಗ್ರೂಪಿನಲ್ಲಿ ಹೆಸರಿದ್ದರೆ ಶಾಲೆಯ ವ್ಯವಹಾರದಲ್ಲಿ ಪಾಲ್ಗೊಂಡಂತೆಯೇ ಎಂದು ತಿಳಿಯುವವರು ಬಹಳ. ಉಳಿದ ತಪ್ಪು ತಿಳಿವಳಿಕೆಗಳಿಗೂ ಮೂಲ ಅಲ್ಲೇ.

ನಂಬಿಕೆ: ಸಮಿತಿಯ ಕೆಲಸ ಮುಖ್ಯೋಪಾಧ್ಯಾಯರು ತೋರಿಸಿದ ಕಡೆ ಸಹಿ ಹಾಕುವುದು.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ, ಅಂದರೆ ಈ ಪೋಷಕರ ಸಮಿತಿಯ, ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ನಡೆಯುವ ರೀತಿಯನ್ನು ಗಮನಿಸುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಈ ಸಮಿತಿಯ ಕೆಲಸ. ಕರ್ನಾಟಕದಲ್ಲಿ 2001ರಿಂದಲೇ ಇರುವ ಎಸ್‌ಡಿಎಂಸಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಆಂಧ್ರದಲ್ಲಿ ಈ ಸಮಿತಿಗಳ ಕೈಗೆ ಒಮ್ಮೆ ದೊಡ್ಡ ಕೆಲಸವೇ ಬಂತು. 2019ರ ನವೆಂಬರ್ 14ರಂದು ಒಂಗೋಲಿನಲ್ಲಿ ಆರಂಭವಾದ ‘ಮನ ಬಡಿ ನಾಡು-ನೇಡು’ (ನಮ್ಮ ಶಾಲೆ, ಅಂದು-ಇಂದು) ಯೋಜನೆಯ ಮೊದಲ ಹಂತಕ್ಕೆ 15,715 ಶಾಲೆಗಳು ಸೇರಿದವು. ಶೌಚಾಲಯ, ಕುಡಿಯುವ ನೀರು, ದುರಸ್ತಿ, ಕಾಂಪೌಂಡ್ ಮೊದಲಾದ ಕಾಮಗಾರಿಗಳನ್ನು ಗುತ್ತಿಗೆದಾರರಿಗೆ ಕೊಡದೆ ಪೋಷಕರ ಸಮಿತಿಗಳ ಮೂಲಕವೇ ಮಾಡಿಸಬೇಕೆಂಬುದು ಅದರ ನಿಯಮವಾಗಿತ್ತು. ಫ್ಯಾನು, ಪೀಠೋಪಕರಣಗಳಂಥವನ್ನು ಮಾತ್ರ ಸರ್ಕಾರವೇ ಒಟ್ಟಾಗಿ ಕೊಂಡಿತು. ಯೋಜನೆಯ ರಾಜಕೀಯವೇನೇ ಇರಲಿ, ಸಿಮೆಂಟು ಮರಳಿನ ಲೆಕ್ಕ ಪೋಷಕರಿಗೆ ದಕ್ಕುವುದಿಲ್ಲ ಎಂಬ ಮಾತಿಗೆ ಅಲ್ಲಿಂದ ಮುಂದೆ ಬೆಲೆಯಿಲ್ಲ. ಲೆಕ್ಕ ಕೇಳಲು ಈಗ ಇನ್ನೊಂದು ಕಾರಣವೂ ಇದೆ. 2025ರ ‘ತಲ್ಲಿಕಿ ವಂದನಂ’ ಯೋಜನೆಯಲ್ಲಿ ಒಂದು ಮಗುವಿಗೆ 15,000 ರೂಪಾಯಿ ಎಂದಿದ್ದರೂ ತಾಯಿಯ ಖಾತೆಗೆ ಬರುವುದು 13,000. ಉಳಿದ 2,000 ಶಾಲೆಯ ನಿರ್ವಹಣೆಗೆ ಹೋಗುತ್ತದೆ. ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ವಿಚಾರಿಸುವ ತಾಯಿ ತನ್ನ ಮಗುವಿನ ಹೆಸರಿನಲ್ಲಿ ಬಂದ ಹಣದ ಬಗ್ಗೆಯೇ ವಿಚಾರಿಸುತ್ತಿದ್ದಾಳೆ.

ನಂಬಿಕೆ: ಈ ಕಾನೂನು ಎಲ್ಲ ಶಾಲೆಗಳಿಗೂ ಒಂದೇ.

ಅಲ್ಲ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಖಾಸಗಿ ವಿದ್ಯಾಸಂಸ್ಥೆಗಳಿಗೂ ವಸತಿ ಕಾಲೇಜುಗಳಿಗೂ ಹೆಸರಾದ ವಿಜಯವಾಡದಲ್ಲಿ ಇದು ಸಣ್ಣ ವಿಷಯವೇನಲ್ಲ. ಹಾಗೆಂದು ಖಾಸಗಿ ಶಾಲೆಗಳ ಪೋಷಕರು ಬರಿಗೈಯಲ್ಲಿಲ್ಲ. ಸಿಬಿಎಸ್‌ಇ ಮಾನ್ಯತೆ ಪಡೆದ ಶಾಲೆಗಳ ಆಡಳಿತ ಸಮಿತಿಯಲ್ಲಿ ಪೋಷಕರ ಪ್ರತಿನಿಧಿಗಳು ಇರಬೇಕೆಂದು ಮಂಡಳಿಯ ನಿಯಮವೇ ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಾಯ್ದೆಯ 24ನೇ ಸೆಕ್ಷನ್: ಪೋಷಕರ ಸಭೆಯನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿ ಇವುಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಸಭೆ ಶಾಲೆ ಮಾಡುವ ಉಪಕಾರವಲ್ಲ.

ನಂಬಿಕೆ: ಗ್ರೂಪಿಗೆ ಹಾಕಿದರೆ ಎಲ್ಲರಿಗೂ ತಲುಪಿದಂತೆ.

ವಾಟ್ಸಾಪ್ ಗ್ರೂಪಿನಲ್ಲಿ 1,024 ಜನರವರೆಗೆ ಇರಬಹುದು. ಗುಡ್ ಮಾರ್ನಿಂಗ್, ಹಬ್ಬದ ಶುಭಾಶಯ, ಯಾರೋ ಕಳಿಸಿದ ಫಾರ್ವರ್ಡ್ ಇವುಗಳ ನಡುವೆ ಪರೀಕ್ಷೆಯ ವೇಳಾಪಟ್ಟಿ ಮುಳುಗಿಹೋಗುವುದು ದಿನದ ಅನುಭವ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿದರೆ ಗದ್ದಲವೇನೋ ನಿಲ್ಲುತ್ತದೆ, ಆದರೆ ಆಗ ಗ್ರೂಪ್ ಬರೀ ನೋಟಿಸ್ ಬೋರ್ಡ್. ಬಂದರು, ನೌಕಾನೆಲೆ, ಉಕ್ಕಿನ ಕಾರ್ಖಾನೆಗಳಿಗಾಗಿ ಹಲವು ರಾಜ್ಯಗಳ ಕುಟುಂಬಗಳು ಬಂದು ನೆಲೆಸಿರುವ ವಿಶಾಖಪಟ್ಟಣದಲ್ಲಿ ಭಾಷೆಯದೂ ತೊಡಕು. ಇಂಗ್ಲಿಷಿನ ಉದ್ದನೆಯ ಸುತ್ತೋಲೆಗಿಂತ ಅರ್ಧ ನಿಮಿಷದ ತೆಲುಗು ಅಥವಾ ಹಿಂದಿ ಧ್ವನಿ ಸಂದೇಶ ಹೆಚ್ಚು ಮನೆಗಳಿಗೆ ಅರ್ಥವಾಗುತ್ತದೆ.

ಆದರೆ ನಿಜವಾದ ವ್ಯತ್ಯಾಸ ಇರುವುದು ಎಲ್ಲರಿಗೂ ಹೇಳುವ ಮಾತಿಗೂ ಒಬ್ಬರಿಗೇ ಹೇಳುವ ಮಾತಿಗೂ ನಡುವೆ. ಅಮೆರಿಕದ ವೆಸ್ಟ್ ವರ್ಜೀನಿಯಾದ 22 ಶಾಲೆಗಳಲ್ಲಿ ಮಗು ಬಾಕಿ ಉಳಿಸಿದ ಹೋಂವರ್ಕ್, ತಪ್ಪಿಸಿದ ತರಗತಿ, ಕಡಿಮೆ ಅಂಕಗಳ ಮಾಹಿತಿಯನ್ನು ಆಯಾ ಪೋಷಕರಿಗಷ್ಟೇ ಮೊಬೈಲ್ ಸಂದೇಶವಾಗಿ ಕಳಿಸಿದಾಗ ವಿಷಯಗಳಲ್ಲಿ ಅನುತ್ತೀರ್ಣರಾಗುವುದು ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರಾಜರ್ಸ್ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಶಿಕ್ಷಕರು ಪೋಷಕರಿಗೆ ವಾರಕ್ಕೊಮ್ಮೆ ಬರೆದದ್ದು ಒಂದೇ ವಾಕ್ಯ. ಅದರಿಂದ ಅನುತ್ತೀರ್ಣರ ಪ್ರಮಾಣ ಶೇ 15.8ರಿಂದ ಶೇ 9.3ಕ್ಕೆ ಇಳಿಯಿತು. ಅದರಲ್ಲೂ ‘ಚೆನ್ನಾಗಿ ಓದುತ್ತಿದ್ದಾನೆ’ ಎಂಬ ಹೊಗಳಿಕೆಗಿಂತ ‘ಇದನ್ನು ತಿದ್ದಿಕೊಳ್ಳಬೇಕು’ ಎಂಬ ಮಾತೇ ಹೆಚ್ಚು ಫಲ ಕೊಟ್ಟಿತು.

ಹಾಳೆ ತುಂಬ ಮಾಹಿತಿ ಕೊಟ್ಟರೆ ಆಯಿತು ಎಂಬುದೂ ನಿಜವಲ್ಲ. ಇದಕ್ಕೆ ಸಾಕ್ಷಿ ಆಂಧ್ರದಲ್ಲೇ ಇದೆ. ಸಂಶೋಧಕರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವಿಭಜಿತ ಆಂಧ್ರದ ಐದು ಜಿಲ್ಲೆಗಳಲ್ಲಿ ಪ್ರಯೋಗಗಳನ್ನು ನಡೆಸಿದರು. ಅವುಗಳಲ್ಲಿ ಒಂದರಲ್ಲಿ 100 ಶಾಲೆಗಳ ಶಿಕ್ಷಕರಿಗೆ ಮಕ್ಕಳ ಕಲಿಕೆಯ ವಿವರವಾದ ವರದಿ ಕೊಡಲಾಯಿತು. ಯಾರಾದರೂ ನೋಡಲು ಬಂದಾಗ ಶಿಕ್ಷಕರು ಹೆಚ್ಚು ಚುರುಕಾಗಿ ಕಂಡರು. ವರ್ಷದ ಕೊನೆಗೆ ಮಕ್ಕಳ ಅಂಕಗಳು ಮಾತ್ರ ವರದಿ ಸಿಗದ ಶಾಲೆಗಳಷ್ಟೇ ಇದ್ದವು. ಅದು ಪೋಷಕರಿಗಲ್ಲ, ಶಿಕ್ಷಕರಿಗೆ ಕೊಟ್ಟ ವರದಿ, ನಿಜ. ಆದರೂ ಅಂಕಪಟ್ಟಿಯನ್ನು ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುವವರು ಇದನ್ನು ಗಮನಿಸುವುದು ಒಳ್ಳೆಯದು. ಒಂದು ಮಗುವಿನ ಅಂಕವನ್ನು ಇಡೀ ಗ್ರೂಪಿಗೆ ತೋರಿಸುವುದಂತೂ ಆ ಮನೆಯವರನ್ನು ಶಾಲೆಯಿಂದ ದೂರ ಮಾಡುವ ದಾರಿ.

ನಂಬಿಕೆ: ಓದು ಬಾರದ ತಂದೆ-ತಾಯಿ ಸಭೆಗೆ ಬಂದು ಮಾಡುವುದೇನು?

ಪಾಲ್ಗೊಳ್ಳುವುದೆಂದರೆ ಮನೆಪಾಠ ಹೇಳಿಕೊಡುವುದು ಎಂದುಕೊಂಡವರ ಪ್ರಶ್ನೆ ಇದು. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹೋಂವರ್ಕ್‌ಗೆ ನೆರವಾಗುವುದರಿಂದ ಖಚಿತವಾದ ಲಾಭ ಕಾಣಲಿಲ್ಲ. ಓದಿನ ಬೆಲೆ, ಮುಂದಿನ ಗುರಿ, ಮಗುವಿನ ಮೇಲಿನ ನಿರೀಕ್ಷೆ ಇವುಗಳ ಬಗ್ಗೆ ಮನೆಯಲ್ಲಿ ಮಾತಾಡುವುದೇ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾಗಿ ಕಂಡಿತು. ಅಂಥ ಮಾತಿಗೆ ಅಕ್ಷರ ಬೇಕಿಲ್ಲ. ಬಾಂಗ್ಲಾದೇಶದ ಹಳ್ಳಿಶಾಲೆಗಳಲ್ಲಿ ಶಿಕ್ಷಕರು ಪೋಷಕರನ್ನು ತಿಂಗಳಿಗೊಮ್ಮೆ ಮುಖಾಮುಖಿ ಭೇಟಿಯಾದದ್ದರಿಂದಲೇ ಮಕ್ಕಳ ಅಂಕ ಏರಿತು. ಆದರೆ ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ದುಡಿಯುವವರಿಗೆ ಬೆಳಗಿನ ಹತ್ತು ಗಂಟೆಗೆ ಸಭೆ ಕರೆದು, ಬರಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ನಂಬಿಕೆ: ಗ್ರೂಪಿನಲ್ಲಿ ಯಾರು ಏನೇ ಬರೆದರೂ ಜೈಲಿಗೆ ಹೋಗುವವನು ಅಡ್ಮಿನ್.

ಈ ಭಯದಿಂದಲೇ ಎಷ್ಟೋ ಶಿಕ್ಷಕರು ಗ್ರೂಪಿನ ಬಾಗಿಲು ಹಾಕಿದ್ದಾರೆ. ಸದಸ್ಯರೊಬ್ಬರ ಆಕ್ಷೇಪಾರ್ಹ ಬರಹಕ್ಕೆ, ಒಳಸಂಚು ಇಲ್ಲದಿದ್ದರೆ, ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟು 2021ರಲ್ಲಿ ಹೇಳಿತು. ಮರುವರ್ಷ ಕೇರಳ ಹೈಕೋರ್ಟೂ ಅದೇ ನಿಲುವು ತಳೆಯಿತು.

ನಂಬಿಕೆ: ಸಭೆಗೆ ಜನ ತುಂಬಿದರೆ ಪಾಲ್ಗೊಂಡಂತೆ.

2024ರ ಡಿಸೆಂಬರ್ 7ರಂದು ಆಂಧ್ರದ 44,000ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಒಂದೇ ದಿನ ‘ಮೆಗಾ ಪೋಷಕ-ಶಿಕ್ಷಕ ಸಭೆ’ ನಡೆಯಿತು. ಪ್ರಗತಿ ಪತ್ರ ವಿತರಣೆಯ ಜೊತೆಗೆ ತಾಯಂದಿರಿಗೆ ರಂಗೋಲಿ, ತಂದೆಯರಿಗೆ ಹಗ್ಗಜಗ್ಗಾಟ. ಶಾಲೆಯ ಮೆಟ್ಟಿಲು ಹತ್ತಲು ಹಿಂಜರಿಯುವವರನ್ನು ಕರೆತರಲು ಜಾತ್ರೆಯ ಈ ಸಡಗರ ಚೆನ್ನಾಗಿಯೇ ಇದೆ, ಅದಕ್ಕೆ ಮೂಗು ಮುರಿಯಬೇಕಿಲ್ಲ. ಆದರೆ ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಕಂಡದ್ದು ಬೇರೆ. ಸಭೆ ಕರೆದು ಸಮಿತಿಯ ಅಧಿಕಾರಗಳನ್ನು ವಿವರಿಸಿದ್ದರಿಂದ ಶಾಲೆಗಳಲ್ಲಿ ಬದಲಾವಣೆಯಾಗಲಿಲ್ಲ. ಊರಿನ ಯುವಕರಿಗೆ ಓದು ಕಲಿಸುವ ನಿರ್ದಿಷ್ಟ ಕೆಲಸ ಕೊಟ್ಟಾಗ ಅವರ ಬಳಿ ಬಂದ ಮಕ್ಕಳು ಓದಲು ಕಲಿತರು.

ಮುಂದಿನ ಸಭೆಗೆ ಹೋಗುವ ಪೋಷಕರು ಮಗುವಿನ ಪ್ರಗತಿ ಪತ್ರದ ಜೊತೆಗೆ ಇನ್ನೊಂದು ಕಾಗದವನ್ನೂ ಕೇಳಿ ನೋಡಬಹುದು: 22ನೇ ಸೆಕ್ಷನ್ ಪ್ರಕಾರ ಸಮಿತಿಯೇ ಬರೆದಿರಬೇಕಾದ ಶಾಲಾಭಿವೃದ್ಧಿ ಯೋಜನೆ.